ನುಂಗಬಾರದ ಗುಟುಕು

ಬೆಳಿಗ್ಗೆ ಅಪ್ಪ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಒಂದು ಗುಟುಕು ಕುಡಿದು, ‘ಬಿಸಿನೀರು’ ಎಂದಿದ್ದ. ಆ ಒಂದು ಮಾತು ಇವನ ಹಿಂದೆಯೇ ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ಸಿನಲ್ಲಿ ಮೈಗೆ ಮೈ ಒತ್ತಿ ನಿಂತು, ಈಗ ಕಂಪನಿಯ ಹಿಂಬಾಗಿಲಲ್ಲಿ ಇವನಿಗಿಂತ ಮೊದಲು ಒಳಗೆ ನುಗ್ಗಿತು. ಬಿಸಿನೀರಂತೆ. ದೊಡ್ಡ ದೊಡ್ಡ ಹೋಟೆಲಿನವರು ಕಾದು ಕೂತು ಕೊಳ್ಳುವ ಚಹಾ ಅದು. ರುಚಿ ನೋಡಿ ಉಳಿದ ಸ್ಯಾಂಪಲ್ಲನ್ನು ಇವನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡು, ಗೇಟಿನವನ ಎದುರು ಮುಖ ಗಟ್ಟಿ ಮಾಡಿಕೊಂಡು ಮನೆಗೆ ತಂದದ್ದು. ಹಾಲು ಬೇಡ, ಸಕ್ಕರೆ ಬೇಡ, ಕುದಿಸಲೇಬೇಡ, ಮರಳುವ ನೀರು ಹೊಯ್ದು ಮುಚ್ಚಿಡು ಸಾಕು ಎಂದು ಅಮ್ಮನಿಗೆ ಮಗುವಿಗೆ ಹೇಳಿದ ಹಾಗೆ ಹೇಳಿ ಮಾಡಿಸಿದ್ದು. ‘ಏನು ಕಮ್ಮಿ ಆಗಿದೆ ಇದರಲ್ಲಿ?’ ಎಂದು ಇವನು ಕೇಳಿದ್ದಕ್ಕೆ ಅಪ್ಪ ಗೋಡೆ ನೋಡಿಕೊಂಡು, ‘ಏನೋ ಇಲ್ಲ’ ಎಂದ. ‘ಏನಿಲ್ಲ?’ ‘ಗೊತ್ತಿದ್ರೆ ಹೇಳ್ತಿರಲಿಲ್ವೇನೋ? ಕುಡಿಯೋದನ್ನ ಉಗಿಯೋಕೆ ಸಂಬಳ ತಗೊಳ್ಳೋನು ನೀನು. ನೀನೇ ಹೇಳು.’ ಅಮ್ಮ ಒಲೆಯ ಹತ್ತಿರದಿಂದಲೇ, ‘ಬೆಳಗಾಗೋದೇ ತಡ, ಶುರು ಇಬ್ರದ್ದೂ. ಒಂದು ಲೋಟ ಟೀಗೆ ಈ ಮನೇಲಿ ಯುದ್ಧ’ ಎಂದಳು. ಬಯ್ಯುತ್ತಲೇ ಅಪ್ಪ ಲೋಟವನ್ನು ಬರಿದು ಮಾಡಿದ. ಅಪ್ಪ ಯಾವತ್ತೂ ಲೋಟದಲ್ಲಿ ಒಂದು ತೊಟ್ಟು ಬಿಟ್ಟವನಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಲೋಟದ ತಳವನ್ನು ಸೂರಿಗೆ ತೋರಿಸಿ, ಕೊನೆಯ ಹನಿ ನಾಲಿಗೆಗೆ ಬೀಳುವವರೆಗೆ ಕಾಯುವ ಜಾತಿ. ಆಮೇಲೆ ಕೆಮ್ಮು ಬಂತು. ಮಂಚದ ಕೆಳಗಿನ ಅಲ್ಯೂಮಿನಿಯಂ ಬೋಗುಣಿಯನ್ನು ಎಳೆದು ಅಪ್ಪನ ಗದ್ದದ ಕೆಳಗೆ ಹಿಡಿದವನೂ ಇವನೇ. ಸ್ವಂತ ಅಪ್ಪನ ಕಫ, ಪರವಾಗಿಲ್ಲ, ಎಂದು ಪ್ರತಿ ಸಲವೂ ಅಂದುಕೊಳ್ಳಬೇಕಾಗಿ ಬರುವುದೇ ಇವನಿಗೆ ನಾಚಿಕೆ.

ಒಳಗೆ ಪ್ಯಾಕಿಂಗ್ ಸಾಲಿನ ಕೊನೆಯಲ್ಲಿ ಕೂರುವ ಅಕ್ಕ, ತಲೆಗೆ ಟೋಪಿ ಏರಿಸಿಕೊಳ್ಳುತ್ತಾ, ‘ಏನೋ ಪೀಕದಾನಿ, ಇವತ್ತು ನಿನಗೆ ಪಟ್ಟಾಭಿಷೇಕವಂತೆ?’ ಎಂದು ಕೂಗಿದಳು. ಅವಳ ಪಕ್ಕದವರೆಲ್ಲ ನಕ್ಕರು. ಪೀಕದಾನಿ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅಂಟಿದ್ದಂತೂ ಅಂಟಿತು. ರುಚಿ ಕೋಣೆಯಲ್ಲಿ ಚಹಾದ ರುಚಿ ನೋಡುವ ಮುದುಕ ಬಾಯಿಗೆಳೆದು ಉಗಿಯುವ ಗಾಲಿಯ ಪಾತ್ರೆಯನ್ನು ಅವನ ಹಿಂದೆ ಹಿಂದೆಯೇ ತಳ್ಳಿಕೊಂಡು ಹೋಗುವ ಕೆಲಸಕ್ಕೆ ಸೇರಿದವನಿಗೆ ಇನ್ನೇನು ಹೆಸರಿಟ್ಟಾರು? ‘ಅಕ್ಕಾ, ಪಟ್ಟಕ್ಕೆ ಬಂದ ಮೇಲೆ ಮೊದಲನೇ ಉಗುಳು ನಿನಗೇ’ ಎಂದು ಇವನೂ ಹಲ್ಲು ಕಿರಿದ. ಮೇಲೆ ಹತ್ತುವಾಗ ಆ ನಗು ಮುಖದಲ್ಲೇ ಒಣಗಿ ಸುಣ್ಣದ ಹಾಗೆ ಬಿರಿಯಿತು. ಇವರನ್ನೆಲ್ಲ ಒಂದು ದಿನ ನೋಡಿಕೊಳ್ಳುತ್ತೇನೆ ಎಂದುಕೊಂಡ. ಹೇಗೆ ನೋಡಿಕೊಳ್ಳುವುದು ಎಂಬುದು ಮಾತ್ರ ಇವನಿಗೆ ಯಾವತ್ತೂ ಹೊಳೆದಿರಲಿಲ್ಲ.

ರುಚಿ ಕೋಣೆಗೆ ಒಂದೇ ಉದ್ದದ ಕಿಟಕಿ. ನೇರ ಬಿಸಿಲು ಬೀಳದ ಕಡೆಗೆ ತೆರೆದದ್ದು, ಚಹಾದ ಬಣ್ಣ ಸುಳ್ಳು ಹೇಳಬಾರದು ಅಂತ. ಕಿಟಕಿಯ ಕೆಳಗೆ ಗೋಡೆಯಿಂದ ಗೋಡೆಗೆ ಕಟ್ಟೆ. ಕಟ್ಟೆಯ ಮೇಲೆ ಮುಚ್ಚಳವಿರುವ ಬಿಳಿ ಪಿಂಗಾಣಿ ಕಪ್ಪುಗಳ ಸಾಲು, ಪ್ರತಿ ಕಪ್ಪಿನ ಮುಂದೆ ಒಂದು ಬಟ್ಟಲು. ಪುಡಿ ತೂಗಿ ಕಪ್ಪಿಗೆ ಹಾಕು, ಮರಳುವ ನೀರು ಹೊಯ್ಯಿ, ಮುಚ್ಚು, ಗಂಟೆ ಹೊಡೆದ ಮೇಲೆ ಕಪ್ಪನ್ನು ವಾಲಿಸಿ ರಸವನ್ನು ಬಟ್ಟಲಿಗೆ ಇಳಿಸು, ಬೆಂದ ಎಲೆಯನ್ನು ಮುಚ್ಚಳದ ಮೇಲೆ ಬೋರಲು ಹಾಕಿ ನೋಡುವವರಿಗೆ ಕಾಣುವ ಹಾಗೆ ಇಡು. ಇದೆಲ್ಲ ಇವನ ಕೈಗೆ ಹಲ್ಲುಜ್ಜುವಷ್ಟು ಅಭ್ಯಾಸ. ಆದರೆ ಹೋದ ಚಳಿಗಾಲದಿಂದ ಇದರ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿತ್ತು. ಅದು ಇವನಿಗೂ ಮುದುಕನಿಗೂ ಬಿಟ್ಟರೆ ಈ ಕಟ್ಟಡದಲ್ಲಿ ನೊಣಕ್ಕೂ ಗೊತ್ತಿಲ್ಲ. ಮುದುಕ ಎಂದರೆ ಇಲ್ಲಿನ ರುಚಿಗಾರ. ಕೆಳಗಿನವರು ಬೆನ್ನ ಹಿಂದೆ ‘ನಾಲಿಗೆ’ ಅನ್ನುತ್ತಾರೆ, ಎದುರಿಗೆ ಸಾರ್. ಕಾರ್ಖಾನೆಗಳಿಂದ ಬರುವ ಚಹಾದಲ್ಲಿ ಅವನು ಹೂಂ ಅಂದ ಲಾಟು ಕೊಳ್ಳುತ್ತಾರೆ, ಉಹೂಂ ಅಂದದ್ದನ್ನು ವಾಪಸ್ ಕಳಿಸುತ್ತಾರೆ. ಆ ಚಳಿಗಾಲದಲ್ಲಿ ಜ್ವರ ಬಂದು ಎದ್ದವನು ಮೊದಲಿನ ಹಾಗೆಯೇ ಟೈ ಕಟ್ಟಿಕೊಂಡು, ಮೊದಲಿನ ಹಾಗೆಯೇ ಚಮಚದಿಂದ ಸೊರ್ರೆಂದು ಎಳೆದು, ಮೊದಲಿನ ಹಾಗೆಯೇ ಗುರಿಯಿಟ್ಟು ಉಗಿದ. ಒಂದು ದಿನ ಇವನು ಮರೆತು ಹಿಂದಿನ ದಿನದ ತಂಗಳು ಚಹಾವನ್ನು ಒಂದು ಬಟ್ಟಲಲ್ಲಿ ಹಾಗೇ ಬಿಟ್ಟಿದ್ದ. ಮುದುಕ ಅದನ್ನು ಎಳೆದು, ಕಣ್ಣು ಮುಚ್ಚಿ, ‘ತಾಜಾ. ಚುರುಕಾಗಿದೆ’ ಎಂದ. ಇವನು ತಲೆಯೆತ್ತಿದ. ಮುದುಕನೂ ಬಟ್ಟಲಿನ ಮೇಲೆ ಕಟ್ಟಿದ ತಂಗಳು ಕೆನೆಯನ್ನು ಕಂಡ. ‘ಬಾಗಿಲು ಹಾಕು’ ಎಂದ ಮುದುಕ. ಹಾಕಿದ. ‘ನಿನ್ನ ನಾಲಿಗೆ ಹೇಗಿದೆ?’ ‘ಬಯ್ಯೋಕೆ ಚೆನ್ನಾಗಿದೆ ಸಾರ್.’ ‘ರುಚಿ ನೋಡೋಕೆ ಕೇಳಿದ್ದು ಕಣೋ.’ ಪಾತ್ರೆ ತಳ್ಳಿಕೊಂಡು ಹಿಂದೆ ಹಿಂದೆ ಅಲೆದ ವರ್ಷಗಳಲ್ಲಿ ಮುದುಕ ಅಂದ ಒಂದೊಂದು ಮಾತನ್ನೂ ಇವನು, ಆ ಬಟ್ಟಲಲ್ಲಿ ಉಳಿದದ್ದನ್ನು ಕದ್ದು ಕುಡಿದು, ನಾಲಿಗೆಗೆ ಹೊಲಿದುಕೊಂಡಿದ್ದ. ಒಗರು ಎಂದರೆ ಇದು, ಹುಳಿತದ್ದು ಎಂದರೆ ಇದು, ಸೀದದ್ದು ಎಂದರೆ ಇದು. ಅವತ್ತಿನಿಂದ ಮುದುಕ ಬರುವ ಮೊದಲೇ ಇವನು ಸಾಲನ್ನೆಲ್ಲ ನೋಡಿ ಮುಗಿಸಬೇಕು. ಒಳ್ಳೆಯದಾದರೆ ಕಪ್ಪಿನ ಹಿಡಿ ಕಿಟಕಿಗೆ, ಕೆಟ್ಟದ್ದಾದರೆ ಗೋಡೆಗೆ. ಮುದುಕ ಬಂದು ಹಿಡಿ ನೋಡಿ, ಸೊರ್ರೆಂದು ಎಳೆದು, ಇವನ ತೀರ್ಪನ್ನು ತನ್ನ ಗಂಟಲಿಂದ ಹೇಳುತ್ತಾನೆ. ಪ್ರತಿಯಾಗಿ ಒಂದು ಮಾತು ಕೊಟ್ಟಿದ್ದ: ಮ್ಯಾನೇಜರಿಗೆ ಹೇಳಿ ನಿನ್ನನ್ನು ರುಚಿ ನೋಡುವ ಕಟ್ಟೆಗೆ ಹತ್ತಿಸುತ್ತೇನೆ, ಪಾತ್ರೆ ಬೇರೆ ಯಾರಾದರೂ ತಳ್ಳಲಿ. ಆ ಮಾತು ಇವತ್ತು ನಡೆಯಬೇಕಿತ್ತು. ದೊಡ್ಡ ಗಿರಾಕಿಯೊಬ್ಬಳು ಬರುತ್ತಾಳೆ, ಮ್ಯಾನೇಜರೂ ಇರುತ್ತಾನೆ, ಅವಳ ಎದುರಿಗೇ ಹೇಳಿಬಿಡುತ್ತೇನೆ ಎಂದು ಮುದುಕ ನಿನ್ನೆ ಕೋಟು ಹಾಕಿಕೊಳ್ಳುತ್ತಾ ಹೇಳಿ ಹೋಗಿದ್ದ.

ಎಳೆದು ಉಗಿದ. ಇದು ಚಪ್ಪೆ, ಗೋಡೆಗೆ. ಎಳೆದು ಉಗಿದ. ಇದು ಪರವಾಗಿಲ್ಲ, ಬಾಯಿ ತುಂಬುವಷ್ಟು ಮೈ ಇದೆ, ಕಿಟಕಿಗೆ. ಇದು ಹೆಚ್ಚು ಬೆಂದು ಕಹಿ, ಗೋಡೆಗೆ ಮುಖ ಮಾಡಿಕೊಂಡು ನಿಲ್ಲು ಮಗನೇ. ತನ್ನನ್ನು ನಿಲ್ಲಿಸಿದವರನ್ನೆಲ್ಲ ನಿಲ್ಲಿಸುತ್ತಿರುವ ಹಾಗೆ ಒಂದೊಂದು ಕಪ್ಪನ್ನೂ ತಿರುಗಿಸಿದ. ಸಾಲಿನ ಕೊನೆಯ ಬಟ್ಟಲಿಗೆ ಬಂದಾಗ ಚಮಚ ಬಾಯಿಗೆ ಹೋಯಿತು, ಗಾಳಿಯ ಜೊತೆ ರಸ ಅಂಗುಳಕ್ಕೆ ಚಿಮ್ಮಿತು, ಮತ್ತು ಇವನು ಉಗಿಯಲಿಲ್ಲ. ಗಂಟಲು ತಾನಾಗಿ ತೆರೆದು ನುಂಗಿಬಿಟ್ಟಿತು. ರುಚಿ ಕೋಣೆಯಲ್ಲಿ ನುಂಗುವುದೆಂದರೆ ಕನ್ನಡಿಯ ಅಂಗಡಿಯಲ್ಲಿ ಕಲ್ಲೆಸೆದ ಹಾಗೆ. ಒಂದು ನುಂಗಿದರೆ ಮುಂದಿನದರ ರುಚಿ ಕೆಡುತ್ತದೆ, ಇದು ಇಲ್ಲಿ ಮೊದಲ ದಿನ ಕಲಿಸುವ ಪಾಠ. ಯಾರೂ ನೋಡಿಲ್ಲವಲ್ಲ ಎಂದು ಬಾಗಿಲ ಕಡೆ ನೋಡಿದ. ಇನ್ನೊಂದು ಚಮಚ ಎಳೆದ. ಏನಿದೆ ಇದರಲ್ಲಿ? ಏನೂ ತಪ್ಪಿಲ್ಲ. ಎಲ್ಲ ಇರಬೇಕಾದಲ್ಲಿ ಇದೆ. ಮುಂಚಿನ ಬಟ್ಟಲುಗಳೆಲ್ಲ ಮೈಮೇಲೆ ಬಟ್ಟೆಯಿಲ್ಲದೆ ನಿಂತ ಹಾಗಿದ್ದವು, ಇದೊಂದು ಅಂಗಿ ತೊಟ್ಟು ಬಂದಿದೆ. ಮೊಳೆಗೆ ನೇತುಹಾಕಿದ ಅಪ್ಪನ ಅಂಗಿ. ಇವನು ಚಿಕ್ಕವನಿದ್ದಾಗ ಅಪ್ಪ ಕತ್ತಲಾದ ಮೇಲೆ ಕೆಲಸದಿಂದ ಬಂದು ಅದನ್ನು ಕಳಚಿ ನೇತುಹಾಕುತ್ತಿದ್ದ. ಅಂಗಿ ಖಾಲಿಯಾಗಿದ್ದರೂ ಅದರೊಳಗೆ ಇನ್ನೊಬ್ಬ ಅಪ್ಪ ನಿಂತಿರುವ ಹಾಗೆ ಕೋಣೆ ತುಂಬಾ ಅದರದೇ ವಾಸನೆ. ಚಹಾ ಕಾರ್ಖಾನೆಯಲ್ಲಿ ಎಲೆ ಒಣಗಿಸುವ ಯಂತ್ರಕ್ಕೆ ಬೆಂಕಿ ಹಾಕುವವನು ಅಪ್ಪ. ಯಂತ್ರದ ಕೆಳಗೆ ಉದುರಿದ ಪುಡಿಯನ್ನು ಗುಡಿಸಿ ಮನೆಗೊಯ್ಯಬಹುದಿತ್ತು. ಅಮ್ಮ ಅದನ್ನು ಮಸಿ ಹಿಡಿದ ಪಾತ್ರೆಯಲ್ಲಿ ಕುದಿಸಿ, ಹಾಲಿಲ್ಲದ ಕರಿ ಚಹಾವನ್ನು ಇವನಿಗೂ ಅರ್ಧ ಲೋಟ ಕೊಡುತ್ತಿದ್ದಳು. ಅದನ್ನು ಕುಡಿದು ಶಾಲೆಗೆ ಹೋದರೆ ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು, ‘ಯಾರೋ ಅದು, ಒಲೆಯೊಳಗಿಂದ ಎದ್ದು ಬಂದಿರೋ ಮಹಾಶಯ? ಹೋಗು, ಕಿಟಕಿ ಪಕ್ಕ ನಿಂತ್ಕೋ, ಗಾಳಿ ಆಡಲಿ’ ಎನ್ನುತ್ತಿದ್ದರು. ನಗು. ಆಮೇಲಾಮೇಲೆ ಅವರು ಹೇಳುವ ಮೊದಲೇ ಇವನು ಹೋಗಿ ಕಿಟಕಿಯ ಪಕ್ಕ ನಿಲ್ಲುತ್ತಿದ್ದ. ಅದಕ್ಕೆ ಇನ್ನೂ ಹೆಚ್ಚು ನಗು. ಒಂದು ದಿನ ಪಾಠ ನಡೆಯುತ್ತಿದ್ದ ಹಾಗೆಯೇ ಅದೇ ಕಿಟಕಿಯಿಂದ ಆಚೆ ಹಾರಿದವನು ಮತ್ತೆ ಆ ಕಡೆ ಕಾಲಿಡಲಿಲ್ಲ. ‘ಯಾಕೋ ಹೋಗಲ್ಲ?’ ಎಂದು ಅಪ್ಪ ಕೇಳಿದಾಗ, ‘ನಿನ್ನ ವಾಸನೆ ಬರ್ತದೆ ನನ್ನ ಮೈಯಿಂದ’ ಎಂದಿದ್ದ. ಹೊಡೆಯುತ್ತಾನೆ ಎಂದು ಕಾದ. ಅಪ್ಪ ಹೊಡೆಯಲಿಲ್ಲ. ಮೊಳೆಯಿಂದ ಅಂಗಿ ತೆಗೆದುಕೊಂಡು ಹೋಗಿ ಒಗೆದ, ಹಿಂಡಿದ, ಮೂಸಿದ, ಮತ್ತೆ ಒಗೆದ. ಆ ಮೂಸಿದ ಮುಖವನ್ನು ನೆನೆದರೆ ಇವನಿಗೆ ಈಗಲೂ ಅಪ್ಪನ ಕತ್ತು ಹಿಸುಕಬೇಕೆನಿಸುತ್ತದೆ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಹೊಡೆತ ಬೇರೆ ಕಡೆಯಿಂದ ಬಂತು. ಎಲ್ಲೋ ದೂರದ ಯಾವುದೋ ಕೋಣೆಯಲ್ಲಿ ಯಾರೋ ಒಬ್ಬ ಒಂದು ಚಮಚ ಬಾಯಿಗಿಟ್ಟು, ಉಗಿದು, ‘ಹೊಗೆ’ ಎಂದಿದ್ದ. ಕಾರ್ಖಾನೆಯ ಲಾಟು ಅಷ್ಟೂ ವಾಪಸ್ ಬಂತು. ಚಹಾಕ್ಕೆ ಹೊಗೆ ತಾಗುವುದೆಂದರೆ ಹಾಲಿಗೆ ಹುಳಿ ಬಿದ್ದ ಹಾಗಂತೆ. ಬೆಂಕಿಯ ಹೊಗೆ ಹೋಗುವ ಕೊಳವೆ ಬಿರುಕು ಬಿಟ್ಟಿದೆ, ಎಲೆಗೆ ತಾಗುತ್ತಿದೆ, ನಾನು ಮುಂಚೆಯೇ ಹೇಳಿದ್ದೆ ಎಂದು ಅಪ್ಪ ಅಂದ. ಹಸಿ ಕಟ್ಟಿಗೆ ತುರುಕಿ ನಿದ್ದೆ ಹೊಡೆದಿದ್ದೀಯ ಎಂದು ಅವರು ಅಂದರು. ಕೆಲಸದ ಜೊತೆಗೆ ಕಾರ್ಖಾನೆ ಕೊಟ್ಟಿದ್ದ ಮನೆಯೂ ಹೋಯಿತು. ಹೊರಡುವಾಗ ಅಮ್ಮ ಆ ಮಸಿ ಪಾತ್ರೆಯನ್ನು ಅಲ್ಲೇ ಮೂಲೆಯಲ್ಲಿ ಬಿಟ್ಟಳು. ಅಪ್ಪ ಆಮೇಲೆ ಎಲ್ಲೂ ನೆಲೆಯಾಗಿ ನಿಂತು ಕೆಲಸ ಮಾಡಲಿಲ್ಲ, ಮೊದಲು ಕೂತ, ಆಮೇಲೆ ಮಲಗಿದ. ಇವನು ಈ ಕಂಪನಿಗೆ ಬಂದದ್ದೇ, ಉಗುಳು ಹೊತ್ತಾದರೂ ಸರಿ, ಆ ಮಾತು ಹುಟ್ಟುವ ಕೋಣೆ ಹೇಗಿರುತ್ತದೆ ನೋಡಬೇಕು ಎಂಬ ಕಿಚ್ಚಿಗೆ. ಹೊಗೆ ಎಂಬ ಮಾತು ಇವನಿಗೆ ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಇಲ್ಲಿಗೆ ಸೇರಿದ ಮೇಲೆ ಆ ಮಾತು ಮುದುಕನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ, ಈಗ ಎಲೆ ಒಣಗಿಸಲು ಎಲ್ಲ ಕಡೆ ಗ್ಯಾಸು. ಹಾಗಾಗಿ ಅದರ ರುಚಿಯನ್ನು ಯಾರೂ ಇವನಿಗೆ ಬಟ್ಟಲಲ್ಲಿಟ್ಟು ತೋರಿಸಿರಲಿಲ್ಲ. ಒಮ್ಮೆ ಇವನೇ ಬಾಯಿಬಿಟ್ಟು, ‘ಹೊಗೆ ಅಂತ ಯಾವತ್ತಾದ್ರೂ ವಾಪಸ್ ಮಾಡಿದೀರಾ ಸಾರ್?’ ಎಂದು ಕೇಳಿದ್ದ. ‘ಬೇಕಾದಷ್ಟು. ಕಟ್ಟಿಗೆ ಒಲೆ ಇದ್ದ ಕಾಲದಲ್ಲಿ.’ ಕಾರ್ಖಾನೆಯ ಹೆಸರು ಹೇಳಿ, ‘ಅವರದ್ದು?’ ಎಂದ. ಮುದುಕ ಚಮಚ ಒರೆಸುತ್ತಾ, ‘ಎಷ್ಟೋ ಲಾಟು ಬರ್ತವಪ್ಪ, ಯಾರಿಗೆ ನೆನಪಿರತ್ತೆ’ ಎಂದಿದ್ದ. ಸುಳ್ಳೂ ಇರಲಿಲ್ಲ ಅದರಲ್ಲಿ, ಅದೇ ಉರಿ.

ಕೊನೆಯ ಕಪ್ಪಿನ ಹಿಡಿ ಇನ್ನೂ ಇವನ ಬೆರಳಲ್ಲಿತ್ತು. ಬೆಳಿಗ್ಗೆ ಅಪ್ಪ ‘ಏನೋ ಇಲ್ಲ’ ಎಂದದ್ದು ನೆನಪಾಯಿತು. ಇಲ್ಲಿ ಏನೋ ಇದೆ. ಇಷ್ಟು ಒಳ್ಳೆಯ ಚಹಾ ಈ ಸಾಲಿನಲ್ಲಿ ಬಂದೇ ಇಲ್ಲ ಎಂದು ನಾಲಿಗೆ ಹೇಳುತ್ತಿತ್ತು. ಇದನ್ನು ಒಡೆದು ಹಾಕು ಎಂದು ಕೈ ಹೇಳುತ್ತಿತ್ತು. ಮೆಟ್ಟಿಲಲ್ಲಿ ಮುದುಕನ ಬೂಟಿನ ಸದ್ದಾಯಿತು. ಇವನು ಹಿಡಿಯನ್ನು ಕಿಟಕಿಗೆ ತಿರುಗಿಸಿದ.

‘ಆಯ್ತೇನೋ?’ ಎಂದ ಮುದುಕ, ಟೈ ಸರಿ ಮಾಡಿಕೊಳ್ಳುತ್ತಾ. ‘ಆಯ್ತು ಸಾರ್.’ ‘ಕೊನೇದು?’ ‘ಅದೇ ಎಲ್ಲಕ್ಕಿಂತ ಒಳ್ಳೇದು.’ ‘ಹಾಗಾದ್ರೆ ಅದನ್ನೇ ಎತ್ತಿ ಹೊಗಳೋಣ. ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ, ಹೆಣ ಎತ್ತೋಕೆ ಬಂದೋನ ಹಾಗೆ? ನಗು. ಇವತ್ತು ನಿನ್ನ ದಿನ.’ ಮುದುಕ ಇವನ ಬೆನ್ನು ತಟ್ಟಿದ. ತಟ್ಟಿದ ಜಾಗ ಹುಳ ಹರಿದ ಹಾಗೆ ಆಯಿತು. ಈ ಕೈ, ಈ ಗಂಟಲು, ಈ ಬಾಯಿಂದ ಹಿಂದೆಂದೋ ಬಿದ್ದ ಒಂದು ಮಾತು, ಇರಬಹುದು, ಇಲ್ಲದಿರಬಹುದು. ಇರಲಿ ಎಂದೇ ಇವನ ಆಸೆ. ದ್ವೇಷಕ್ಕೂ ಒಂದು ಮುಖ ಬೇಕಲ್ಲ.

ಮ್ಯಾನೇಜರ್ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಾ ಬಂದ. ಅವನ ಹಿಂದೆ ಬೂದು ಕೋಟಿನ ಗಿರಾಕಿ. ತುಟಿ ಬಿಗಿಹಿಡಿದ, ಯಾವ ಕುರ್ಚಿಯಲ್ಲೂ ಪೂರ್ತಿ ಕೂರದ ಹೆಂಗಸು. ಮುದುಕ ಶುರುಮಾಡಿದ. ಏನು ಠೀವಿ. ಚಮಚ ಎತ್ತುವುದೇನು, ಕಣ್ಣು ಅರೆ ಮುಚ್ಚುವುದೇನು, ಗಾಲಿ ಪಾತ್ರೆಗೆ ಬಾಣದ ಹಾಗೆ ಉಗಿಯುವುದೇನು. ಹಿಡಿ ಗೋಡೆಗಿದ್ದರೆ ಹುಬ್ಬು ಗಂಟಿಕ್ಕಿ, ‘ಇದಕ್ಕೆ ಜೀವ ಇಲ್ಲ’, ಕಿಟಕಿಗಿದ್ದರೆ, ‘ಆಹಾ.’ ಇವನು ಪಾತ್ರೆ ತಳ್ಳುತ್ತಾ ತನ್ನದೇ ಮಾತುಗಳು ಇನ್ನೊಬ್ಬನ ಬಾಯಲ್ಲಿ ಟೈ ಕಟ್ಟಿಕೊಂಡು ಓಡಾಡುವುದನ್ನು ನೋಡಿದ. ಕೊನೆಯ ಬಟ್ಟಲು ಬಂತು. ಮುದುಕ ಉಳಿದವಕ್ಕಿಂತ ಜೋರಾಗಿ ಎಳೆದು, ಗಲ್ಲದಿಂದ ಗಲ್ಲಕ್ಕೆ ಆಡಿಸಿ, ಉಗಿದು, ಗಿರಾಕಿಯ ಕಡೆ ತಿರುಗಿ, ‘ಅಮ್ಮಾ, ನೀವು ಬಂದಿದ್ದು ಇದಕ್ಕೆ ಅಂದ್ಕೊಳ್ಳಿ. ಈ ಸಾಲಿನ ರಾಜ ಇದು’ ಎಂದ.

ಅವಳು ಚಮಚ ತುಟಿಗೆ ತಾಗಿಸಿ ಹಾಗೇ ಕೆಳಗಿಟ್ಟಳು. ‘ಇದೇನಿದು? ಸೌದೆ ಒಲೆ ಮುಂದೆ ಕೂರಿಸಿದ ಹಾಗಿದೆ ನನ್ನ.’

‘ಹೊಗೆ!’ ಎಂದ ಮ್ಯಾನೇಜರ್. ಬಟ್ಟಲಿಗೆ ಮೂಗು ತರುವಷ್ಟೂ ಬೇಕಾಗಲಿಲ್ಲ ಅವನಿಗೆ. ‘ಅಯ್ಯೋ, ಇಲ್ಲಿವರೆಗೂ ಬಡೀತಿದೆ. ನನ್ನ ಮೂಗು ಕಟ್ಟಿ ಎರಡು ದಿನ ಆಯ್ತು, ನನಗೇ ಗೊತ್ತಾಗ್ತಿದೆ! ಗ್ಯಾಸ್ ಸಿಗದೆ ಯಾರೋ ಹಳೇ ಒಲೆ ಹಚ್ಚಿದಾರೆ. ಏನ್ ಸಾರ್ ಇದು? ರಾಜಾನಾ ಇದು?’

ಮುದುಕ ಬಟ್ಟಲನ್ನು ನೋಡಲಿಲ್ಲ. ಕಪ್ಪಿನ ಹಿಡಿಯನ್ನು ನೋಡಿದ, ಆಮೇಲೆ ಇವನನ್ನು. ಈ ಹುಡುಗ ಹೇಳಿದ ಎಂದು ಅವನು ಹೇಳಬಹುದು. ಹೇಳಿದರೆ ತನ್ನ ಮೂಗು ಸತ್ತಿದೆ ಎಂದೂ ಹೇಳಬೇಕು. ಹೊಗೆ. ಇದಾ ಹೊಗೆ? ಇವನು ಮೂಗಿನ ಹೊಳ್ಳೆಗಳನ್ನು ಅಗಲ ಮಾಡಿ ಎಳೆದುಕೊಂಡ. ಅಂಗಿ ಬಂತು, ಮೊಳೆ ಬಂತು, ಮಸಿ ಪಾತ್ರೆ ಬಂತು, ಹೊಗೆ ಮಾತ್ರ ಎಲ್ಲೂ ಸಿಗಲಿಲ್ಲ. ಬೀದಿಯಲ್ಲಿ ಹೋಗುವವನಿಗೂ ಸಿಗುವುದು ಇವನಿಗೆ ಸಿಗುತ್ತಿಲ್ಲ. ತಾನು ಬೇಕೆಂದೇ ಹಿಡಿ ತಿರುಗಿಸಿದೆನೇ, ಮುದುಕನ ಕತ್ತು ಮುರಿಯಲೆಂದು? ಹಾಗೆ ಅಂದುಕೊಳ್ಳಲು ಹಿತವಾಗಿತ್ತು. ಆದರೆ ಗಂಟಲು ತಾನಾಗಿ ನುಂಗಿದ್ದು ಇವನಿಗೆ ಗೊತ್ತಿತ್ತು.

‘ಲೇ, ಬಾ ಇಲ್ಲಿ’ ಎಂದ ಮ್ಯಾನೇಜರ್. ‘ನೀನು ನೋಡು. ಇವರು ನಿನ್ನೆಯಿಂದ ನನ್ನ ತಲೆ ತಿಂತಿದಾರೆ, ಹುಡುಗನಿಗೆ ನಾಲಿಗೆ ಇದೆ, ಕಟ್ಟೆಗೆ ಹತ್ತಿಸಿ ಅಂತ. ಹೇಳು, ಏನಿದೆ ಇದರಲ್ಲಿ?’

ನಿನ್ನೆಯೇ ಹೇಳಿಬಿಟ್ಟಿದ್ದ ಹಾಗಾದರೆ ಮುದುಕ. ಮಾತು ಉಳಿಸಿಕೊಂಡಿದ್ದ. ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎನಿಸಿತು ಇವನಿಗೆ. ದ್ವೇಷಿಸಬೇಕಾದವನು ಒಳ್ಳೆಯದು ಮಾಡಿ ಕೂತಿದ್ದ. ಚಮಚ ತೆಗೆದುಕೊಂಡ. ಎಳೆದ. ಬಾಯಿ ತುಂಬಿತು. ಹುಡುಕಿದ, ನಾಲಿಗೆಯ ತುದಿಯಲ್ಲಿ, ಅಂಚಿನಲ್ಲಿ, ಕಿರುನಾಲಿಗೆಯ ಹಿಂದೆ. ಏನೂ ತಪ್ಪಿಲ್ಲದ, ಎಲ್ಲ ಇರಬೇಕಾದಲ್ಲಿದ್ದ ಚಹಾ. ನುಂಗು ನುಂಗು ಎಂದಿತು ಗಂಟಲು. ಇವನು ಕಣ್ಣೆತ್ತಿದ. ಗಿರಾಕಿ ತುಟಿ ಒರೆಸಿಕೊಳ್ಳುತ್ತಿದ್ದಳು. ಮ್ಯಾನೇಜರಿನ ಮೂಗು ಸುಕ್ಕುಗಟ್ಟಿತ್ತು. ಅವನ ಹುಬ್ಬು ಮೇಲಕ್ಕೆದ್ದು ಒಂದೇ ಒಂದು ಮಾತಿಗೆ ಕಾಯುತ್ತಿತ್ತು, ಕಪ್ಪಿನ ಹಿಡಿ ಗೋಡೆಗೆ ತಿರುಗಿದಷ್ಟು ಸ್ಪಷ್ಟವಾಗಿ. ಪಕ್ಕದಲ್ಲಿ ಗಾಲಿಗಳು ಕಿರುಗುಟ್ಟಿದವು. ಮುದುಕ ಬೂಟಿನ ತುದಿಯಿಂದ ಪಾತ್ರೆಯನ್ನು ಇವನ ಕಡೆ ತಳ್ಳುತ್ತಿದ್ದ.

ಇವನು ಉಗಿದ. ‘ಹೊಗೆ ಸಾರ್’ ಎಂದ.

ಎಷ್ಟು ಹಗುರ. ಇಷ್ಟು ವರ್ಷ ಆ ಮಾತು ಬಂಡೆಯ ಹಾಗೆ ಉರುಳಿ ಬಿದ್ದಿರಬೇಕು, ಅಂದವನ ಕೈ ನಡುಗಿರಬೇಕು, ಇಲ್ಲವೇ ಅವನು ರಾಕ್ಷಸನಾಗಿರಬೇಕು ಎಂದುಕೊಂಡಿದ್ದ. ಉಗುಳಿನ ಜೊತೆಗೇ ಬಂದುಬಿಡುತ್ತದೆ ಅದು, ಬೇರೆ ಉಸಿರೂ ಬೇಕಾಗುವುದಿಲ್ಲ.

‘ನೋಡಿ! ಪಾತ್ರೆ ತಳ್ಳೋನಿಗೂ ಗೊತ್ತಾಗತ್ತೆ’ ಎಂದ ಮ್ಯಾನೇಜರ್. ‘ವಾಪಸ್ ಕಳಿಸಿ ಲಾಟನ್ನ. ಒಲೆ ಮುಂದೆ ಯಾರೋ ನಿದ್ದೆ ಹೊಡೆದಿದಾನೆ, ಅವನಿಗೆ ಬುದ್ಧಿ ಕಲಿಸ್ಲಿ. ಸಾರ್, ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ಲೇ, ನಾಳೆಯಿಂದ ನೀನು ನೋಡು, ಆಮೇಲೆ ಯೋಚನೆ ಮಾಡೋಣ.’ ಗಿರಾಕಿಯನ್ನು ಮುಂದೆ ಬಿಟ್ಟುಕೊಂಡು, ಕ್ಷಮೆ ಕೇಳುತ್ತಾ ಮೆಟ್ಟಿಲಿಳಿದ.

ಮುದುಕ ತನ್ನ ಚಮಚವನ್ನು ಎಂದಿನ ಹಾಗೆಯೇ ಒರೆಸಿದ, ಆದರೆ ಕೋಟಿನ ಜೇಬಿಗೆ ಹಾಕಿಕೊಳ್ಳದೆ ಕಟ್ಟೆಯ ಮೇಲಿಟ್ಟ. ಬಯ್ಯಲಿ ಎಂದು ಇವನು ಕಾದ. ತಿರುಗಿ ಬಯ್ಯಲು ಬೇಕಾದದ್ದೆಲ್ಲ ಹಲ್ಲಿನ ಹಿಂದೆ ಸಿದ್ಧವಾಗಿತ್ತು. ಅಪ್ಪನ ಹಾಗೆಯೇ ಮುದುಕನೂ ಹೊಡೆಯಲಿಲ್ಲ.

‘ನಿನಗೂ ಗೊತ್ತಾಗ್ಲಿಲ್ಲ ಅಲ್ವಾ?’ ಎಂದ ಮುದುಕ.

‘ಏನು?’

‘ಅವನ ಮುಖ ನೋಡಿ ಹೇಳ್ದೆ. ಇಷ್ಟು ದಿನ ನಾನು ಮಾಡಿದ್ದೂ ಅದನ್ನೇ ಅಲ್ವೇನೋ, ನನಗೆ ತಿಳಿಯಲ್ವಾ?’

‘ಬೇಕಂತಲೇ ಮಾಡಿದೆ. ನಿಮ್ಮನ್ನ ಕೆಡವೋಕೆ.’

ಮುದುಕ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ‘ಬೇಕಂತ ಮಾಡಿದ್ರೆ ಒಳ್ಳೇದಪ್ಪ. ಗೊತ್ತಾಗದೆ ಮಾಡಿದ್ರೆ ನಿನಗೇ ಕಷ್ಟ’ ಎಂದು ಹೇಳಿ, ಬಾಗಿಲನ್ನು ಮೆತ್ತಗೆ ಹಾಕಿಕೊಂಡು ಹೋದ. ಇವನು ಕೊನೆಯ ಕಪ್ಪನ್ನು ಗೋಡೆಗೆ ತಿರುಗಿಸಿದ. ಉಳಿದ ಸ್ಯಾಂಪಲ್ಲನ್ನು ಕಸದ ಬುಟ್ಟಿಗೆ ಸುರಿಯಲು ಹೋದ ಕೈ ಅರ್ಧದಲ್ಲಿ ನಿಂತು, ಕಾಗದ ಮಡಿಸಿ, ಜೇಬಿಗೆ ತುರುಕಿತು.

ಸಂಜೆ ಪ್ಯಾಕಿಂಗಿನ ಅಕ್ಕ ಈ ಸಲ ಪೀಕದಾನಿ ಅನ್ನಲಿಲ್ಲ, ‘ಏನ್ರೀ’ ಎಂದಳು. ಅದಕ್ಕೂ ಮೈ ಉರಿಯಿತು. ಮನೆಯಲ್ಲಿ ಅಮ್ಮನ ಕೈಗೆ ಪೊಟ್ಟಣ ಎಸೆದು, ‘ಮಾಡು’ ಎಂದ. ‘ಮುಚ್ಚಿಡ್ಲಾ, ಕುದಿಸ್ಲಾ ಮಹಾರಾಯಾ?’ ‘ನಿನಗೆ ಹೇಗೆ ಬೇಕೋ ಹಾಗೆ.’ ಅವಳು ಕುದಿಸಿದಳು. ನೀರಿಗೆ ಪುಡಿ ಬಿದ್ದದ್ದೇ ತಡ ಅವಳ ಕೈ ನಿಂತಿತು. ಪಾತ್ರೆಯೊಳಗೆ ಬಗ್ಗಿ ನೋಡಿದಳು. ಕೋಣೆ ಅದರ ವಾಸನೆಯಿಂದ ತುಂಬಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಪ್ಪ ಯಾರೂ ಹಿಡಿಯದೆ ತಾನೇ ಎದ್ದು ಕೂತ.

ಮೊದಲ ಗುಟುಕು ಕುಡಿದ. ಎರಡನೆಯದನ್ನೂ ಕುಡಿದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಮಕ್ಕಳು ಹಿಡಿಯುವ ಹಾಗೆ. ‘ಇದು ಟೀ’ ಎಂದ. ‘ಇದು ನೋಡು ಟೀ ಅಂದ್ರೆ. ಎಲ್ಲಿತ್ತೋ ಇದು ಇಷ್ಟು ದಿನ? ಇನ್ಮೇಲೆ ಇದನ್ನೇ ತಗೊಂಡ್ ಬಾ.’

‘ಇನ್ಮೇಲೆ ಬರಲ್ಲ.’

‘ಯಾಕೆ?’

‘ಲಾಟು ವಾಪಸ್ ಹೋಯ್ತು.’

‘ಯಾರು ಕಳಿಸಿದ್ದು? ಆ ಮುದುಕನಾ?’

ಹೂಂ ಎಂದುಬಿಡಬಹುದಿತ್ತು. ಅಮ್ಮ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ‘ನಾನು’ ಎಂದ ಇವನು. ‘ನಾನೇ ಕಳಿಸಿದೆ. ನಾಳೆಯಿಂದ ಕಟ್ಟೆ ನನ್ನದು. ಹೊಗೆ ಅಂದೆ, ಕಳಿಸಿದ್ರು. ಏನೀಗ?’

ಅಪ್ಪ ಲೋಟ ಎತ್ತಿ ದೊಡ್ಡ ಗುಟುಕು ತೆಗೆದುಕೊಳ್ಳಲು ಹೋದವನು ತುಟಿಯ ಹತ್ತಿರ ನಿಲ್ಲಿಸಿದ. ಅದರೊಳಗೆ ನೋಡಿದ. ‘ಒಲೆ ಹತ್ತಿರ ಇದ್ದ ಆಳಿಗೆ ಮಕ್ಕಳಿದಾರೇನೋ?’ ಎಂದು ಕೇಳಿದ. ಬಯ್ಯುವ ದನಿಯಲ್ಲ. ತಿಳಿದುಕೊಳ್ಳಬೇಕು ಎಂಬ ಹಾಗೆ.

‘ಎಷ್ಟೋ ಲಾಟು ಬರ್ತವೆ. ಯಾರಿಗೆ ಗೊತ್ತಿರತ್ತೆ ಅದೆಲ್ಲ’ ಎಂದ ಇವನು.

ಅಪ್ಪ ತಲೆಯಾಡಿಸಿದ. ಲೋಟವನ್ನೆತ್ತಿ, ತಲೆ ಹಿಂದಕ್ಕೆ ಚೆಲ್ಲಿ, ತಳ ಸೂರಿಗೆ ಕಾಣುವ ಹಾಗೆ ಕೊನೆಯ ಹನಿಯವರೆಗೆ ಬಾಯಿಗೆ ಸುರಿದುಕೊಂಡ. ನುಂಗಲಿಲ್ಲ. ಎರಡೂ ಗಲ್ಲ ಉಬ್ಬಿಸಿಕೊಂಡು ಇವನನ್ನೇ ನೋಡುತ್ತಾ ಕೂತ. ಮತ್ತು ಇವನ ಕೈ, ಯಾರೂ ಹೇಳದೆ, ಎಷ್ಟೋ ವರ್ಷದ ರೂಢಿಯಿಂದ, ಮಂಚದ ಕೆಳಗಿನ ಬೋಗುಣಿಯನ್ನು ಎಳೆದು ಅಪ್ಪನ ಗದ್ದದ ಕೆಳಗೆ ಹಿಡಿಯಿತು. ಅಪ್ಪ ಬೋಗುಣಿಯನ್ನು ನೋಡಿದ. ಹಿಡಿದ ಕೈಯನ್ನು ನೋಡಿದ. ಆಮೇಲೆ ಬಗ್ಗಿ, ಮೆಲ್ಲಗೆ, ಒಂದು ತೊಟ್ಟೂ ಆಚೆ ಬೀಳದ ಹಾಗೆ, ಉಗಿದ.